ಎರಡು ಬೆರಳಿನ ಸಂದು

ಕಳೆದ ವಾರ ಬೆಳಗಾವಿಯ ಕ್ಯಾಂಪಿನಲ್ಲಿ ಗೆಳೆಯನ ಕಾರಿನ ಪಂಕ್ಚರ್ ಹಾಕಿಸುತ್ತ ನಿಂತಿದ್ದೆ. ಸೊಲ್ಯೂಷನ್ನಿನ ಘಾಟು, ಬಿಸಿ ರಬ್ಬರಿನ ವಾಸನೆ... ನನಗೆ ಗೊತ್ತಿಲ್ಲದಂತೆಯೇ ನನ್ನ ಬೆರಳುಗಳು ಟಾಯರಿಗೂ ಮಡ್ಗಾರ್ಡಿಗೂ ನಡುವಿನ ಸಂದಿಗೆ ಹೋದವು. ಹಾಗೆ ಅಳೆದು ನೋಡುವುದನ್ನು ಕಲಿಸಿದವರು ಡ್ರೈವರ್ ಮಾಮಾ.

ಮೂವತ್ತು ವರ್ಷದ ಹಿಂದಿನ, ಸಾವಿರದ ಒಂಬೈನೂರ ಇಪ್ಪತ್ತರ ದಶಕದ ಮಾತು. ಖಾನಾಪುರದ ಕುಂಬಾರ ಓಣಿಯಿಂದ ಬೆಳಗಾವಿಯ ಹೈಸ್ಕೂಲಿಗೆ ಹೋದವನು ನಾನೊಬ್ಬನೇ. ಬಡವರ ಹುಡುಗ, ಜಾಣ ಎಂದು ಊರಿನ ಸಾಹುಕಾರರು ಜನರನ್ನು ಸಾಗಿಸುವ ತಮ್ಮ ಸರ್ವಿಸ್ ಮೋಟಾರಿನಲ್ಲಿ ಶನಿವಾರ ಊರಿಗೆ, ಸೋಮವಾರ ಮರಳಿ ಬೆಳಗಾವಿಗೆ ಪುಕ್ಕಟೆ ಕೂಡಿಸುತ್ತಿದ್ದರು. ಅದನ್ನು ಓಡಿಸುತ್ತಿದ್ದ ಮಾಮಾರ ಬಾಜೂ ನನ್ನ ಜಾಗ. ವೇಗವನ್ನೂ ಓಡಿದ ಮೈಲಿಯನ್ನೂ ತೋರಿಸುವ ಮೀಟರಿನ ಇಂಗ್ಲಿಷ್ ಅಂಕಿಗಳನ್ನು ಗಟ್ಟಿಯಾಗಿ ಓದುವುದು ನನ್ನ ಹೆಮ್ಮೆ. ಅದಕ್ಕೇ ಮಾಮಾ ನನ್ನನ್ನು ಮಾಸ್ತರ ಅಂತ ಕರೆಯುತ್ತಿದ್ದರು. ತಾಸಿಗೆ ಇಪ್ಪತ್ತು ಮೈಲಿ ದಾಟಬಾರದೆಂಬುದು ಸಾಹುಕಾರರ ಕಟ್ಟಪ್ಪಣೆ.

ಒಮ್ಮೆ ಟಾಯರು ಸವೆದಾಗ ಸಾಹುಕಾರರು ಹೊಸವನ್ನು ತರಿಸದೆ, ಮೂಲೆಗೆ ಬಿದ್ದಿದ್ದ ಇನ್ನೊಂದು ಮೋಟಾರಿನ ಗಾಲಿಗಳನ್ನೇ ಹಾಕಿಸಿದರು. ಮೂವತ್ಮೂರು ಇಂಚಿನವು ಇದ್ದಲ್ಲಿ ಮೂವತ್ತು ಇಂಚಿನವು. ಮಾಮಾ ಮಡ್ಗಾರ್ಡಿನ ಕೆಳಗೆ ಕೈ ತೂರಿಸಿದರು. ಮೊದಲು ಎರಡು ಬೆರಳು ಹಿಡಿಯುತ್ತಿದ್ದ ಸಂದಿಯಲ್ಲಿ ಈಗ ನಾಲ್ಕು ಹೋಗುತ್ತಿದ್ದವು.

"ಗಾಡಿ ಹೊಟ್ಟಿ ಕೆಳಗ ಬಂದೈತ್ರಿ," ಎಂದರು.

"ಗಾಡಿ ಹೊಟ್ಟಿ ಇರ್ಲಿ, ನಿನ್ನ ಹೊಟ್ಟಿ ನೋಡ್ಕೋ," ಎಂದರು ಸಾಹುಕಾರರು.

ಮುಂದಿನ ಶನಿವಾರ ದೇಸೂರ ದಾಟಿದ ಮೇಲೆ, ರಸ್ತೆಯಲ್ಲಿ ಎದ್ದಿದ್ದ ಕಲ್ಲಿಗೆ ಗಾಡಿಯ ತಳ ಬಡಿಯಿತು. ದಿನಾ ದಾಟುತ್ತಿದ್ದ ಕಲ್ಲೇ. ಹಿಂದೆ ಕುಳಿತಿದ್ದ ಮುದುಕರೊಬ್ಬರ ಕೈ ಮುರಿಯಿತು. ಖಾನಾಪುರ ಮುಟ್ಟಿದಾಗ ಸಾಹುಕಾರರು ಎಲ್ಲರೆದುರು ನನ್ನನ್ನೇ ಕೇಳಿದರು, ಮೀಟರಿನ ಮುಳ್ಳು ಎಷ್ಟರ ಮೇಲಿತ್ತು ಅಂತ. ಕಂಡದ್ದನ್ನು ಹೇಳಿದೆ: ಇಪ್ಪತ್ತೆರಡು.

ಮಾಮಾ ನನ್ನ ಕಡೆ ನೋಡಲಿಲ್ಲ. "ಬೆಳಗಾವಿಯಿಂದ ಇಲ್ಲೀಮಟ ಮೈಲಿಗಲ್ಲು ಹದಿನಾರ ಅದಾವ್ರಿ. ಈ ಗಾಲಿ ಹಾಕಿದ ಮ್ಯಾಲ ಇದ ಮಾಸ್ತರ ಮೀಟರ್ ಓದಿ ಹದಿನೇಳೂವರಿ ಅಂದಾರ. ಕಲ್ಲು ಸರದಾವೇನ್ರಿ?"

ನೆರೆದವರು ನಕ್ಕರು. ನಾನೂ ನಕ್ಕೆ...

ಮರುದಿನ ಅವರ ಕೆಲಸ ಹೋಯಿತು. ಜೋರಾಗಿ ಓಡಿಸಿ ಕೈ ಮುರಿದವನೆಂಬ ಹೆಸರು ಬಂದ ಮೇಲೆ ಕ್ಯಾಂಪಿನಲ್ಲೂ ಯಾರೂ ಸ್ಟಿಯರಿಂಗ್ ಮುಟ್ಟಗೊಡಲಿಲ್ಲ.

ತಿಂಗಳೊಪ್ಪತ್ತಿನಲ್ಲಿ ಆರು ತಿಂಗಳ ಪರೀಕ್ಷೆ ಬಂತು. ಗಾಲಿಯ ಸುತ್ತಳತೆಯ ಮೇಲೊಂದು ಲೆಕ್ಕ ಇತ್ತು. ಅದೇ ದಾರಿಗೆ ಸಣ್ಣ ಗಾಲಿ ಹೆಚ್ಚು ಸುತ್ತು ತಿರುಗಬೇಕು ಎಂದು ಬರೆಯುವಾಗ ಕೈ ನಿಂತಿತು. ಮೀಟರ್ ಎಣಿಸುವುದು ಗಾಲಿಯ ಸುತ್ತನ್ನು, ದಾರಿಯನ್ನಲ್ಲ. ಉತ್ತರ ಬರೆದು ಮುಗಿಸಿ ಅಂಚಿನಲ್ಲಿ ನಮ್ಮ ಮೋಟಾರಿನ ಲೆಕ್ಕವನ್ನೂ ಮಾಡಿದೆ. ಮುಳ್ಳು ಇಪ್ಪತ್ತೆರಡು ಅಂದಾಗ ಗಾಡಿ ಓಡಿದ್ದು ಸರಿಯಾಗಿ ಇಪ್ಪತ್ತು. ಆ ಪ್ರಶ್ನೆಗೆ ನನಗೆ ಪೂರ್ತಿ ಮಾರ್ಕು ಬಂದವು.

ಲೆಕ್ಕವನ್ನು ಚೀಟಿಯ ಮೇಲೆ ಬರೆದುಕೊಂಡು ಮಾಮಾರನ್ನು ಹುಡುಕಿಹೋದೆ. ಮಲಪ್ರಭೆಯ ದಂಡೆಯಲ್ಲಿ ಚಕ್ಕಡಿಗೆ ಉಸುಕು ತುಂಬುತ್ತಿದ್ದರು. ಚೀಟಿಯನ್ನು ತಿರುವಿ ಮುರುವಿ ನೋಡಿ ನನ್ನ ಕೈಗೇ ಕೊಟ್ಟರು.

"ನಂಗ್ಯಾಕ ತೋರಸ್ತೀರಿ ಮಾಸ್ತರ? ನಂಗ ಮೊದಲ ಗೊತ್ತಿತ್ತು. ಸಾಹುಕಾರ್ರಿಗೆ ತೋರಸ್ರಿ."

ತೋರಿಸುತ್ತೇನೆ ಅಂದೆ. ಸಾಹುಕಾರರ ಮನೆಯ ಕಟ್ಟೆಯವರೆಗೂ ಹೋದೆ. ಸಾಹುಕಾರರದೇ ತಪ್ಪು ಎಂದು ಹೇಳಿದರೆ ಪುಕ್ಕಟೆ ಸೀಟು ಹೋಗುತ್ತದೆ, ಸೀಟು ಹೋದರೆ ಸಾಲೆಯೂ ಹೋದಂತೆ... ಕಟ್ಟೆ ಹತ್ತಲಿಲ್ಲ. ಸೋಮವಾರ ಹೊಸ ಡ್ರೈವರನ ಬಾಜೂ ಕುಳಿತು ಬೆಳಗಾವಿಗೆ ಹೋದೆ.

ನಮ್ಮ ಓಣಿಯ ಮೊದಲ ಬಿ.ಎ. ನಾನು. ಹೇಳಿಕೊಳ್ಳಲು ಸಂಕೋಚವಿಲ್ಲ, ಅರೆಹೊಟ್ಟೆ ಉಂಡು ಓದಿದ್ದೇನೆ. ಪದವಿ ಹಿಡಿದು ಊರಿಗೆ ಬಂದಾಗ ಮಾಮಾ ತೀರಿಕೊಂಡು ವರ್ಷವಾಗಿತ್ತು. ಮುಂದೆ ಸಾಹುಕಾರರೂ ಹೋದರು.

ಪಂಕ್ಚರಿನವನು ಏನು ನೋಡುತ್ತಿದ್ದೀರಿ ಎಂದು ಕೇಳಿದ. ಗಾಲಿ ಸರಿ ಅದಾವು ಅಂದೆ. ಮನೆಗೆ ಬಂದು ಟ್ರಂಕು ತೆಗೆದೆ. ಬಿ.ಎ. ಸರ್ಟಿಫಿಕೇಟಿನ ಕೆಳಗೆ ಆ ಚೀಟಿ ಇನ್ನೂ ಇದೆ, ಮಡಿಕೆಯಲ್ಲಿ ಹರಿದಿದೆ. ತೋರಿಸಬೇಕಾದವರು ಯಾರೂ ಉಳಿದಿಲ್ಲ.