ಅಕ್ಕನ ಉಣ್ಣೆಯ ಒಳಅಂಗಿ

ಬೀದಿಯ ಮೂಲೆಯಲ್ಲಿ ಕ್ಷೌರದಂಗಡಿ ಇಟ್ಟಿದ್ದವನನ್ನು ಎಲ್ಲರೂ ಗುಂಗುರ ಎಂದೇ ಕರೆಯುತ್ತಿದ್ದರು. ಊರವರ ತಲೆಗೂದಲನ್ನೆಲ್ಲ ಚೊಕ್ಕವಾಗಿ ಕತ್ತರಿಸುತ್ತಿದ್ದ ಅವನ ತಲೆಯ ಮೇಲೆ ಮಾತ್ರ ಗುಂಗುರು ಕೂದಲು ಹಕ್ಕಿಗೂಡಿನ ಹಾಗೆ ಕೂತಿರುತ್ತಿತ್ತು. ಆ ಅಡ್ಡಹೆಸರು ಅವನ ಅಕ್ಕ ಇಟ್ಟಿದ್ದು. ಅಪ್ಪ ಅಮ್ಮ ಬೇಗ ಹೋದ ಮೇಲೆ ಅವನನ್ನು ಸಾಕಿದವಳೂ ಅವಳೇ. ಅವಳು ಮದುವೆಯ ಗೋಜಿಗೇ ಹೋಗಲಿಲ್ಲ. ಅವನದು ಆಯಿತು, ಉಳಿಯಲಿಲ್ಲ. ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಅಕ್ಕ ತಮ್ಮ ಇಬ್ಬರೇ ಜಗಳವಾಡಿಕೊಂಡು ಸುಖವಾಗಿದ್ದರು.

ಅಕ್ಕ ಸಿಟಿ ಬಸ್ಸಿನ ಡ್ರೈವರ್. ವಾರವಿಡೀ ಸ್ಟಿಯರಿಂಗ್ ಹಿಂದೆ ಕೂತು ಕಾಲು ಜೋಮು ಹಿಡಿಸಿಕೊಳ್ಳುವವಳು ರಜೆ ಸಿಕ್ಕಿತೆಂದರೆ ಸಾಕು, ಬೆನ್ನಿಗೆ ಚೀಲ ಏರಿಸಿ ಬೆಟ್ಟದ ಕಡೆ ಹೊರಟುಬಿಡುತ್ತಿದ್ದಳು. ಜೊತೆಗೆ ಟೋಪಿ ಮಾಮ. ನಿವೃತ್ತ ಅಂಚೆಯವರು, ಮನೆಯೊಳಗೂ ಟೋಪಿ ತೆಗೆಯದವರು.

ಒಂದು ಚಳಿಗಾಲದ ಆರಂಭದಲ್ಲಿ ಅವಳು ಎರಡು ಜೊತೆ ಒಳಉಡುಪು ಕೊಂಡು ತಂದಳು. ಉದ್ದ ತೋಳಿನ ಅಂಗಿ, ಪಾದದ ತನಕ ಬರುವ ಚಡ್ಡಿ, ಎಲ್ಲ ಕಡುನೀಲಿ. ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿದ್ದವು.

"ಇದು ಉಣ್ಣೆನಾ? ಮೈಯೆಲ್ಲ ತುರಿಸಲ್ವಾ?"

"ಮುಟ್ಟಿ ನೋಡೋ. ಮೆರಿನೋ ಅಂತ ಒಂದು ಜಾತಿ ಕುರಿ ಇದೆ, ಅದರದ್ದು. ಬೆವರಿದರೂ ಬೆಚ್ಚಗಿಡುತ್ತೆ. ಮೂರು ದಿನ ಹಾಕ್ಕೊಂಡ್ರೂ ನಾತ ಬರಲ್ಲ."

"ಬೆಟ್ಟದ ಮೇಲೆ ನೀನು ಬ್ಯಾ ಅಂದ್ರೆ ಕುರುಬರು ಅಟ್ಟಿಕೊಂಡು ಹೋಗ್ತಾರೆ, ಹುಷಾರು."

"ಅಟ್ಟಿಕೊಂಡು ಹೋಗಲಿ. ನಿನ್ನ ಕಾಟ ತಪ್ಪುತ್ತೆ."

ಒಂದೇ ಒಂದು ಸಲ ಅವಳು ಅವನನ್ನೂ ಎಳೆದುಕೊಂಡು ಹೋದಳು. ಉಣ್ಣೆ ಹಾಕೆಂದರೆ ಅವನು ಮೂಗು ಮುರಿದು, ತನ್ನ ಹತ್ತಿ ಬನಿಯನ್ನಿನ ಮೇಲೆ ಜಾಕೆಟ್ ತೊಟ್ಟು ಹೊರಟ. ಏರುವಾಗ ಬೆವರು ಧಾರಾಕಾರ. ಮೇಲೆ ತಲುಪಿ ಬಂಡೆಯ ಮೇಲೆ ಕೂತದ್ದೇ ತಡ, ಗಾಳಿ ಬೀಸಿತು. ಒದ್ದೆ ಬನಿಯನ್ನು ಬೆನ್ನಿಗೆ ಮಂಜುಗಡ್ಡೆಯಂತೆ ಅಂಟಿಕೊಂಡು ಹಲ್ಲು ಕಟಕಟ ಎನ್ನತೊಡಗಿತು. ಅಕ್ಕ ಚೀಲದಿಂದ ತನ್ನ ಇನ್ನೊಂದು ನೀಲಿ ಅಂಗಿ ತೆಗೆದು ಎಸೆದಳು.

"ಇದು ಹೆಂಗಸರದ್ದು ಕಣೇ."

"ಬೆಟ್ಟಕ್ಕೇನು ಗೊತ್ತಾಗುತ್ತೆ? ಆ ಬಂಡೆ ಹಿಂದೆ ಹೋಗಿ ಹಾಕ್ಕೊ."

ಹಾಕಿಕೊಂಡು ಬಂದ. ಹೊಟ್ಟೆಯ ಹತ್ತಿರ ಬಿಗಿ, ತೋಳು ಗಿಡ್ಡ. ಆದರೆ ಸ್ವಲ್ಪ ಹೊತ್ತಿನಲ್ಲೇ ನಡುಕ ನಿಂತಿತು. ಟೋಪಿ ಮಾಮ ಅವನ ಅವತಾರ ನೋಡಿ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಇಳಿದ ಮೇಲೆ ಗುಂಗುರ ಕೈಮುಗಿದುಬಿಟ್ಟ: ಇನ್ನು ಬೆಟ್ಟದ ಸಹವಾಸ ಬೇಡ.

ಅಕ್ಕನಿಗೆ ಏನೋ ಆಗಿದೆ ಎಂದು ಮೊದಲು ಗಮನಿಸಿದ್ದೂ ಟೋಪಿ ಮಾಮನೇ. ಅಂಗಡಿಗೆ ಬಂದು, ಕುರ್ಚಿಯಲ್ಲಿ ಕೂತು, ಕೂದಲು ಕತ್ತರಿಸುವ ಕೆಲಸವಿಲ್ಲದಿದ್ದರೂ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡು ಹೇಳಿದರು: "ಈಗೀಗ ನಿಮ್ಮಕ್ಕ ನನಗಿಂತ ಮೊದಲೇ ಉಸ್ಸಪ್ಪಾ ಅಂತ ಕೂರ್ತಾಳಪ್ಪ. ಡಾಕ್ಟರ ಹತ್ತಿರ ಕರ್ಕೊಂಡು ಹೋಗು."

ರಕ್ತದ ಕ್ಯಾನ್ಸರ್ ಎಂದರು. ಅಕ್ಕ ಆಸ್ಪತ್ರೆ ಸೇರಿದಳು. ಕೂದಲು ಉದುರತೊಡಗಿದಾಗ ಗುಂಗುರ ತನ್ನ ಪೆಟ್ಟಿಗೆಯನ್ನೇ ಹೊತ್ತುಕೊಂಡು ಹೋಗಿ ಅವಳ ತಲೆ ಬೋಳಿಸಿದ. ಅದನ್ನು ಹೇಗೋ ಹಲ್ಲುಕಚ್ಚಿ ಮಾಡಿದ. ಆದರೆ ಜ್ವರ ಅವಳನ್ನು ಬಿಡಲಿಲ್ಲ. ಜ್ವರ ಇಳಿಯುವಾಗಲೆಲ್ಲ ಮೈ ಬೆವೆತು ಆಸ್ಪತ್ರೆಯ ಹತ್ತಿ ಗೌನು ತೊಪ್ಪೆಯಾಗುತ್ತಿತ್ತು. ಮರುಗಳಿಗೆಯಲ್ಲೇ ಅದು ತಣ್ಣಗಾಗಿ ಅವಳು ಗಡಗಡ ನಡುಗುತ್ತಿದ್ದಳು. ಎಷ್ಟು ಸಲ ಬದಲಿಸಿದರೂ ಅದೇ ಪಾಡು.

"ನನ್ನ ನೀಲಿ ಅಂಗಿ ತಂದುಕೊಡೋ," ಎಂದಳು.

ತಂದ. ನರ್ಸಮ್ಮ ಬಟ್ಟೆಯನ್ನು ಬೆರಳಲ್ಲಿ ಹಿಚುಕಿ ನೋಡಿ, "ಹಾಕಬಹುದು. ಆದರೆ ತೋಳಿಗೆ ನಳಿಕೆ ಹಾಕಿದೆಯಲ್ಲ, ಈ ಕಡೆ ತೋಳನ್ನು ಮೇಲಿಂದ ಕೆಳಗೆ ಸೀಳಬೇಕಾಗುತ್ತೆ" ಎಂದಳು. ಕತ್ತರಿ ಅವನ ಜೇಬಿನಲ್ಲೇ ಇತ್ತು. ತೆಗೆದ. ದಿನವೆಲ್ಲ ಜನರ ಕಿವಿಯ ಪಕ್ಕದಲ್ಲಿ ಹೆದರದೆ ಆಡುವ ಕೈ ಆ ಬಟ್ಟೆಯ ಮೇಲೆ ಬಂದು ನಿಂತೇಬಿಟ್ಟಿತು. ಸೀಳಿದರೆ ಆ ಅಂಗಿ ಮತ್ತೆ ಬೆಟ್ಟಕ್ಕೆ ಹೋಗುವುದಿಲ್ಲ.

"ಯಾಕೋ ನಿಂತೆ?" ಅಕ್ಕ ಕೇಳಿದಳು.

"ಒಳ್ಳೆ ಅಂಗಿ ಕಣೇ."

"ನನಗೂ ಗೊತ್ತು. ಕತ್ತರಿಸು. ಚಳಿ ಆಗ್ತಿದೆ."

ಅವಳ ದನಿಯಲ್ಲಿ ಬೇಸರವಿರಲಿಲ್ಲ. ಅವನು ಸೀಳಿದ. ಆ ರಾತ್ರಿ ಅಕ್ಕ ನಡುಗದೆ ನಿದ್ದೆ ಮಾಡಿದಳು. ಮರುದಿನ ಎರಡನೆಯ ಅಂಗಿಯನ್ನೂ ಸೀಳಿಕೊಟ್ಟ.

ತಣ್ಣೀರಿನಲ್ಲಿ ಕೈಯಲ್ಲೇ ಒಗೆಯಬೇಕು, ಹಿಂಡಬಾರದು, ಟವೆಲ್ ಮೇಲೆ ಹರಡಿ ಒಣಗಿಸಬೇಕು ಎಂದು ಅಕ್ಕ ಪಾಠ ಹೇಳಿದ್ದಳು. ಒಂದು ದಿನ ಅಂಗಡಿಯಲ್ಲಿ ಗಿರಾಕಿಗಳ ನೂಕುನುಗ್ಗಲು. ಗುಂಗುರ ಅವಸರದಲ್ಲಿ ಒಂದು ಅಂಗಿಯನ್ನು ಟವೆಲುಗಳ ಜೊತೆ ಬಿಸಿನೀರಿನ ಮೆಷಿನ್ನಿಗೆ ಹಾಕಿಬಿಟ್ಟ. ಹೊರಗೆ ಬಂದಾಗ ಅದು ಕೂಸಿನ ಅಂಗಿಯಷ್ಟಾಗಿತ್ತು, ರಟ್ಟಿನಂತೆ ಗಟ್ಟಿ. ಪೆಚ್ಚುಮೋರೆ ಹಾಕಿಕೊಂಡು ಆಸ್ಪತ್ರೆಗೆ ಹೋಗಿ ತೋರಿಸಿದ. ಅಕ್ಕ ಅದನ್ನು ಎತ್ತಿಹಿಡಿದು ನೋಡಿದಳು, ಅವನ ಮುಖ ನೋಡಿದಳು.

"ಪರವಾಗಿಲ್ಲ ಬಿಡು. ಹೀಗೇ ಕರಗ್ತಾ ಹೋದ್ರೆ ನನಗೆ ಇದೇ ಸರಿಹೋಗುತ್ತೆ."

ಹೇಳಿ ನಗತೊಡಗಿದಳು. ಅವನಿಗೂ ತಡೆಯಲಾಗಲಿಲ್ಲ. ಪಕ್ಕದ ಹಾಸಿಗೆಯವರು ತಿರುಗಿ ನೋಡುವಷ್ಟು ನಕ್ಕರು. ಅವಳು ಕೊನೆಯ ಬಾರಿ ಹಾಗೆ ನಕ್ಕಿದ್ದು ಆವತ್ತೇ. ಅದಾದ ಮೇಲೆ ಮಾತು ಕಮ್ಮಿಯಾಯಿತು, ಊಟ ನಿಂತಿತು. ಒಂದು ಬೆಳಗ್ಗೆ ಅವನು ಚಹಾ ಕುಡಿದು ಬರುವಷ್ಟರಲ್ಲಿ ಉಸಿರೂ ನಿಂತಿತ್ತು.

ಕೊನೆಗೆ ಏನು ಉಡಿಸಬೇಕು ಎಂದು ಆಸ್ಪತ್ರೆಯ ಕೆಲಸದವನು ಕೇಳಿದಾಗ ಗುಂಗುರ ಉಳಿದಿದ್ದ ನೀಲಿ ಅಂಗಿಯನ್ನು ಮುಂದೆ ಮಾಡಿದ.

"ಅವರಿಗೆ ಇನ್ನು ಚಳಿ ಆಗಲ್ಲ ಅಣ್ಣಾ," ಎಂದ ಕೆಲಸದವನು ಮೆಲ್ಲಗೆ.

"ಗೊತ್ತಪ್ಪ. ಆದರೂ ಇರಲಿ."

ಸೀಳಿದ ತೋಳನ್ನು ಹಾಗೇ ಬಿಡಲು ಮನಸ್ಸು ಬರಲಿಲ್ಲ. ಸೂಜಿ ದಾರ ತರಿಸಿ, ಹೊರಗಿನ ಬೆಂಚಿನ ಮೇಲೆ ಟೋಪಿ ಮಾಮನ ಪಕ್ಕ ಕೂತ. ದಾರ ಪೋಣಿಸಲು ಅವನಿಗೆ ಆಗಲಿಲ್ಲ. ಮಾಮ ಇಸಕೊಂಡರು, ಅವರಿಗೂ ಆಗಲಿಲ್ಲ. ಇಬ್ಬರಿಗೂ ಕಣ್ಣು ಮಂಜಾಗಿತ್ತು. ಆ ದಾರಿಯಲ್ಲಿ ಹೋಗುತ್ತಿದ್ದ ನರ್ಸಮ್ಮ ನಿಂತು ಪೋಣಿಸಿಕೊಟ್ಟಳು. ಗುಂಗುರ ಹೊಲಿದ. ಹೊಲಿಗೆ ಸೊಟ್ಟಪಟ್ಟವಾಯಿತು.

ಅಂಗಡಿ ಮತ್ತೆ ತೆರೆಯಿತು. ಟೋಪಿ ಮಾಮ ಕೂದಲು ಕತ್ತರಿಸಿಕೊಳ್ಳಲು ಬಂದಾಗಲೆಲ್ಲ "ಭಾನುವಾರ ಬೆಟ್ಟಕ್ಕೆ ಬರ್ತೀಯೇನಪ್ಪ?" ಎಂದು ಕರೆಯುತ್ತಿದ್ದರು. ಇವನು ಇಲ್ಲವೆಂದು ತಲೆಯಾಡಿಸಿ ಕೆಲಸ ಮುಂದುವರಿಸುತ್ತಿದ್ದ. ಆದರೆ ಸಂಜೆ ಮೆಟ್ಟಿಲು ಹತ್ತಿ ಬಾಗಿಲು ತೆಗೆದರೆ ಮನೆ ಕೊರೆಯುತ್ತಿತ್ತು. ಹೀಟರು ಹಾಕಿದರೂ, ಎರಡು ಕಂಬಳಿ ಹೊದ್ದರೂ ಬೆನ್ನಿನ ಚಳಿ ಬಿಡುತ್ತಿರಲಿಲ್ಲ.

ಒಂದು ಮಧ್ಯಾಹ್ನ ಅವನು ಬೆಟ್ಟದ ಸಾಮಾನು ಮಾರುವ ಅಂಗಡಿಗೆ ಹೋಗಿ ತನ್ನ ಅಳತೆಯ ಉಣ್ಣೆಯ ಒಳಅಂಗಿ ಕೇಳಿದ. ಅಂಗಡಿಯ ಹುಡುಗಿ ಉತ್ಸಾಹದಿಂದ ನಾಲ್ಕಾರು ತೆಗೆದು ಹರಡಿದಳು.

"ಯಾವ ಬೆಟ್ಟಕ್ಕೆ ಹೋಗ್ತಿದ್ದೀರಾ ಸರ್?"

"ಬೆಟ್ಟಕ್ಕಲ್ಲಮ್ಮ. ಮನೆಯಲ್ಲಿ ಹಾಕ್ಕೊಳ್ಳೋಕೆ."

ಅವಳು ತಮಾಷೆ ಎಂದುಕೊಂಡು ನಕ್ಕಳು. ಅವನು ಬೂದುಬಣ್ಣದ್ದೊಂದನ್ನು ಆರಿಸಿಕೊಂಡ. ನೀಲಿಯೂ ಇತ್ತು, ಅದನ್ನು ಮುಟ್ಟಲಿಲ್ಲ.

ಆ ಅಂಗಿ ಬೆಚ್ಚಗೇ ಇದೆ, ಸುಳ್ಳು ಹೇಳಬಾರದು. ಅಂಗಡಿ ಮುಚ್ಚಿದ ಮೇಲೆ ಅದನ್ನು ತೊಟ್ಟು, ಒಬ್ಬನೇ ಅನ್ನ ಬೇಯಿಸಿಕೊಂಡು ಉಣ್ಣುತ್ತಾನೆ. ಮೈ ನಡುಗುವುದು ನಿಂತಿದೆ. ಆದರೂ ಹೊರಗೆ ಸಿಟಿ ಬಸ್ಸು ನಿಲ್ಲುವ ಸದ್ದಾದರೆ ಬಾಯಿಯ ಹತ್ತಿರ ಒಯ್ದ ತುತ್ತು ಅಲ್ಲೇ ನಿಲ್ಲುತ್ತದೆ. ಬಸ್ಸು ಹೊರಟು ಸದ್ದು ಅಡಗಿದ ಮೇಲೆ ಉಣ್ಣುತ್ತಾನೆ.