ಡಬ್ಬಿಗೆ ಹೋದ ಕೌದಿ

ಇದನ್ನು ಬರೆಯಬೇಕೆಂದು ಹಲವು ವರ್ಷಗಳಿಂದ ಅಂದುಕೊಳ್ಳುತ್ತಲೇ ಬಂದಿದ್ದೇನೆ. ಒಮ್ಮೆ ಪೆನ್ನು ಸಿಗಲಿಲ್ಲ, ಒಮ್ಮೆ ಕನ್ನಡಕ ಸಿಗಲಿಲ್ಲ, ಎರಡೂ ಸಿಕ್ಕ ದಿನ ಧೈರ್ಯ ಸಿಗಲಿಲ್ಲ.

ಮುಂಬಯಿಯ ಸಾಂತಾಕ್ರೂಜಿನ ನಮ್ಮ ಬಿಲ್ಡಿಂಗಿನಲ್ಲಿ ಕಾಲು ಚಾಚಿ ಕೌದಿ ಹೊಲಿಯುತ್ತ ಕೂರುವ ಗಂಡಸು ನಾನೊಬ್ಬನೇ ಇರಬೇಕು. ಹಳೆಯ ಸೀರೆ, ಧೋತರಗಳ ತುಂಡುಗಳನ್ನು ಒಂದರ ಮೇಲೊಂದು ಹಾಸಿ, ಅಂಚಿನಿಂದ ನಡುವಿಗೆ ಸಾಲುಸಾಲಾಗಿ ದಾರ ಓಡಿಸುತ್ತ ಹೋದರೆ ಮನಸ್ಸೂ ಅದರ ಹಿಂದೆಯೇ ನಡೆದು ಬಂದು ತಣ್ಣಗೆ ಕೂರುತ್ತದೆ. ಸೂಜಿ ಹಿಡಿದರೆ ನನ್ನ ಬಿ.ಪಿ. ಇಳಿಯುತ್ತದೆ, ಹೆಂಡತಿಯ ಪ್ರಕಾರ ಬಾಯಿಯೂ ಮುಚ್ಚುತ್ತದೆ.

ಈ ವಿದ್ಯೆಯನ್ನು ನಮ್ಮವ್ವ ಅತ್ತಿಗೆಗೆ ಕಲಿಸಿದಳು, ಅತ್ತಿಗೆ ನನಗೆ. ಅಣ್ಣ ತೀರಿಕೊಂಡ ಮೇಲೆ ಜೋಗೇಶ್ವರಿಯ ಚಾಳಿನ ಒಂದೇ ಖೋಲಿಯಲ್ಲಿ ಆಕೆ ನಮ್ಮೊಡನೆಯೇ ಇದ್ದಳು. ರವಿವಾರ ಬಾಗಿಲು ಮುಚ್ಚಿ ನಾನು ಹೊಲಿಯಲು ಕುಳಿತರೆ, "ಕಳ್ಳತನ ಮಾಡಾಕತ್ತೀಯೇನೋ ತಮ್ಮಾ? ಬಾಗಲಾ ತಗಿ, ಸೂಜಿಗಿ ಬೆಳಕರ ಬೀಳ್ಲಿ" ಎನ್ನುತ್ತಿದ್ದಳು.

ಬಿಲ್ಡಿಂಗಿಗೆ ಬಂದದ್ದೇ ನನಗೆ ಜಂಭ ಬಂತು. ಹೊಸ ಬಾಲ್ಕನಿಯಲ್ಲಿ ಅತ್ತಿಗೆಯ ಕೌದಿ ಒಣಗುವುದನ್ನು ಕಂಡರೆ, ಚಾಳಿನಿಂದ ಬಂದವರೆಂದು ಬೋರ್ಡು ನೇತುಹಾಕಿದಂತೆ ಎನಿಸುತ್ತಿತ್ತು. ಒಂದು ದಿನ ಆಕೆ ಗುಡಿಗೆ ಹೋಗಿದ್ದಾಗ ಹಳೆಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವ ಹೆಂಗಸು ಬಂದಳು. "ಯೇ ತೋ ಚಿಂದಿ ಹೈ, ಸೇಠ್" ಎಂದು ಅವಳು ಮೂಗು ಮುರಿದರೂ ಬಿಡದೆ, ಆ ಕೌದಿಯ ಜೊತೆ ಎರಡು ಪ್ಯಾಂಟನ್ನೂ ಸೇರಿಸಿ ಕೊಟ್ಟು, ಮುಚ್ಚಳವಿರುವ ಡಬ್ಬಿಯೊಂದನ್ನು ಗೆದ್ದೆ.

ಅತ್ತಿಗೆ ಬಂದೊಡನೆ ನನ್ನ ಚೌಕಾಸಿಯ ಪರಾಕ್ರಮ ಹೇಳಿಕೊಂಡೆ. ಆಕೆ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಅದರಾಗ ನಿಮ್ಮಣ್ಣನ ಅಂಗಿ ಇತ್ತಲ್ಲೋ ತಮ್ಮಾ. ಅದೊಂದ ಉಳದಿತ್ತು." ಡಬ್ಬಿಯನ್ನು ಕೆಳಗಿಟ್ಟು, "ಹೋಗ್ಲಿ ಬಿಡು. ಮುಚ್ಚಳಾ ಬಿಗಿ ಐತಿಲ್ಲೋ?" ಎಂದಳು.

"ಐತಿ" ಎಂದೆ. ಅಷ್ಟೇ ಎಂದೆ.

ಪಾತ್ರೆಯವಳನ್ನು ಹುಡುಕಿ ಕೆಳಗೆ ಓಡಬಹುದಿತ್ತು, ಓಡಲಿಲ್ಲ. ಆಮೇಲೆ ನಾಲ್ಕು ವರ್ಷ ಆಕೆ ನಮ್ಮೊಡನೆ ಬಾಳಿದಳು, ನನಗೇ ಒಂದು ಕೌದಿ ಹೊಲಿದುಕೊಟ್ಟಳು. ತಪ್ಪಾಯಿತೆಂಬ ಮಾತು ಎಷ್ಟೋ ಸಲ ಗಂಟಲವರೆಗೆ ಬಂದು, ಹೊರಬೀಳುವಾಗ "ಚಾ ಐತೇನು ಅತ್ತಿಗೆ?" ಎಂದಾಗಿಬಿಡುತ್ತಿತ್ತು. ಪಾಪ, ಪ್ರತಿ ಸಲವೂ ಚಹಾ ಮಾಡಿಕೊಟ್ಟಳು. ಒಂದು ದಿನ ಹೋಗಿಬಿಟ್ಟಳು.

ಕಳೆದ ವಾರ ಎದುರು ಫ್ಲಾಟಿನ ಮಂಗಳೂರಿನವರು ನನ್ನ ಕೌದಿ ಕಂಡು, "ಎಂಥ ಚಂದ ಮಾರಾಯ್ರೆ! ಯಾರು ಕಲಿಸಿದ್ದು ಅಂಕಲ್?" ಎಂದರು.

"ಹೀಗೇ, ಮೊಬೈಲ್ ನೋಡಿ" ಎಂದೆ.

ಅವರು ಹೋದ ಮೇಲೆ ಮಗಳು ಸವಿತಾ ತನ್ನ ಅರ್ಧಂಬರ್ಧ ಕನ್ನಡದಲ್ಲಿ, "ಪಪ್ಪಾ, ದೊಡ್ಡವ್ವನ ನಾಮ್ ಲೇನೇಕೋ ನಿಮಗ ಯಾಕ ನಾಚಿಕಿ?" ಎಂದಳು.

ಅಂಗಿಯನ್ನು ಕೊಟ್ಟದ್ದು ಅರಿಯದೆ ಮಾಡಿದ ತಪ್ಪು ಎಂದು ಇಷ್ಟು ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಈ ಮೊಬೈಲಿನ ಸುಳ್ಳನ್ನು ಮಾತ್ರ ಅರಿತೇ ಹೇಳಿದ್ದೆ. ಮರುದಿನ ಎದುರು ಮನೆಯ ಬೆಲ್ ಒತ್ತಿ, "ನಿನ್ನೆ ಸುಳ್ಳು ಹೇಳಿದೆ. ನನಗೆ ಕಲಿಸಿದ್ದು ನನ್ನ ಅತ್ತಿಗೆ" ಎಂದೆ.

"ಹೌದಾ? ಅವರ ಹೆಸರೆಂಥದು?"

ಬದುಕಿನುದ್ದಕ್ಕೂ ಅತ್ತಿಗೆ ಎಂದೇ ಕರೆದವನು ನಾನು; ಹೆಸರು ಹಿಡಿದು ಒಮ್ಮೆಯೂ ಹೇಳಿದವನಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡು ಹೇಳಿದೆ: ನೀಲವ್ವ.