ಕಮಾನಿಗೆ ಕಟ್ಟಿದ ಜೋಕಾಲಿ

ನಾಗಮ್ಮನವರು ಸುಳ್ಳು ಹೇಳುವ ಹೆಂಗಸಲ್ಲ. ಹೇಳಿದ್ದು ನಿಜವಾಗುವ ತನಕ ಗಲ್ಲಿಯವರನ್ನೆಲ್ಲ ಕುಣಿಸುವ ಹೆಂಗಸು. ನಾಶಿಕದ ಪಂಚವಟಿಗೆ ಸೊಸೆಯಾಗಿ ಬಂದಾಗಿನಿಂದ ನಾನು ಅವರ ಎದುರು ಮನೆಯಲ್ಲಿದ್ದೇನೆ. ಅನುಮಾನವಿದ್ದವರು ಬಂದು ನನ್ನನ್ನೇ ಕೇಳಲಿ. ಧಾರವಾಡದ ಕಮಲಾಕ್ಷಿಯ ಮನೆ ಎಂದರೆ ಆಟೋದವರೂ ತೋರಿಸುತ್ತಾರೆ. ಯಾಕೆ ತೋರಿಸುತ್ತಾರೆ ಎನ್ನುವುದು ಬೇರೆ ಮಾತು. ಆ ಆಟೋದವರ ಜೊತೆ ನಾನು ಜಗಳವಾಡದ ದಿನವಿಲ್ಲ.

ನಾಗಮ್ಮನವರದು ಆಳಂದದ ಕಡೆ. ಗಂಡ ಗುರುಬಸವ ಅವರು ನಾಶಿಕಕ್ಕೆ ಬಂದದ್ದು ಕಲ್ಲಿನ ವ್ಯಾಪಾರಕ್ಕೆ. ಇಲ್ಲಿಯವರು ಶಹಾಬಾದಿ ಫರಶಿ ಎಂದು ಮನೆತುಂಬ ಹಾಸಿಕೊಳ್ಳುವ ಕಲ್ಲು ಕಲಬುರಗಿ ಜಿಲ್ಲೆಯದಲ್ಲದೆ ಇನ್ನೆಲ್ಲಿಯದು? ಆ ಪುಣ್ಯಾತ್ಮ ನಮ್ಮ ಗಲ್ಲಿಯ ಒಂದೊಂದು ಮನೆಯ ಮುಂದೆಯೂ ಕಟ್ಟೆ ಹಾಕಿಸಿ ಅದೇ ಕಲ್ಲು ಹಾಸಿಸಿದರು. ಸಂಜೆಯಾದರೆ ಬೀದರಿನವರು, ಕಲಬುರಗಿಯವರು, ನಮ್ಮಂಥ ಧಾರವಾಡದವರು, ಪಕ್ಕದ ಮರಾಠಿ ಮನೆಯವರು, ಎಲ್ಲರೂ ಕಟ್ಟೆಯ ಮೇಲೆ. ಊರವರ ಬಾಯಲ್ಲಿ ಇದು ಕಾನಡಿ ಗಲ್ಲಿ, ಎಂದರೆ ಕನ್ನಡದವರ ಓಣಿ. ಗುರುಬಸವ ಅವರು ತೀರಿಕೊಂಡ ಮೇಲೆ ನಾಗಮ್ಮ ಜೋಳದ ರೊಟ್ಟಿ ಬಡಿದು ಮಾರಿ ಒಬ್ಬಳೇ ಮಗಳು ಮಂಜುಶ್ರೀಯನ್ನು ಓದಿಸಿದರು, ಛತ್ರಪತಿ ಸಂಭಾಜಿನಗರಕ್ಕೆ ಮದುವೆ ಮಾಡಿ ಕೊಟ್ಟರು.

ಗಲ್ಲಿಯ ಬಾಯಲ್ಲೊಂದು ಬೇವಿನ ಮರವಿತ್ತು. ನಾಗರ ಪಂಚಮಿ ಬಂತೆಂದರೆ ಅದಕ್ಕೆ ಜೋಕಾಲಿ. ಕೊಟ್ಟ ಮನೆಯಿಂದ ತವರಿಗೆ ಬಂದ ಹುಡುಗಿಯರು ಸೆರಗು ಬಿಗಿದು ನಿಂತು ಜೀಕಿದರೆ ಮಾಳಿಗೆಯ ಮೇಲಿನ ಗಂಡಸರು ಕಣ್ಣು ಮುಚ್ಚಿಕೊಳ್ಳಬೇಕು, ಅಷ್ಟು ಎತ್ತರ. ರಸ್ತೆ ಅಗಲ ಮಾಡುವಾಗ ಮರ ಹೋಯಿತು. ಮರದ ಹಿಂದೆಯೇ ಹಬ್ಬವೂ ಹೋಯಿತೆನ್ನಿ. ಮಂಜುಶ್ರೀ ಪಂಚಮಿಗೆ ಬರುವುದನ್ನೇ ಬಿಟ್ಟಳು.

"ಬಂದು ಏನ್ ಮಾಡ್ಲಿ ಅವ್ವಾ? ಉಂಡಿ ತಿಂದು ಟಿವಿ ನೋಡೂದು ಇಲ್ಲೂ ಆಗ್ತದ," ಎಂದಳಂತೆ ಫೋನಿನಲ್ಲಿ. ಅವತ್ತು ನಾಗಮ್ಮ ರೊಟ್ಟಿ ಬಡಿದ ರಭಸಕ್ಕೆ ನಮ್ಮ ಮನೆಯ ಬೆಕ್ಕು ಓಡಿಹೋಯಿತು. ಸಿಟ್ಟಲ್ಲ ಅದು, ಸಂಕಟ. ಮಗಳಿಗೆ ತವರು ಬೇಡವಾಯಿತಲ್ಲ ಎನ್ನುವ ಸಂಕಟ.

ಈ ವರ್ಷ ಆಷಾಢ ಮುಗಿಯುವ ಹೊತ್ತಿಗೆ ಗಲ್ಲಿಯ ಬಾಯಲ್ಲಿ ಎರಡು ಕಬ್ಬಿಣದ ಕಂಬ ಎದ್ದವು, ಮೇಲೊಂದು ಅಡ್ಡ ಪೈಪು ಕೂತಿತು. ಶ್ರಾವಣ ಎದುರಿಗಿದೆ, ಎರಡು ಕಂಬ, ಒಂದು ಅಡ್ಡ ಪೈಪು. ನೀವೇ ಹೇಳಿ, ನಮ್ಮ ಕಡೆಯ ಯಾವ ಹೆಂಗಸಾದರೂ ಏನೆಂದುಕೊಳ್ಳುತ್ತಾಳೆ? ನಾಗಮ್ಮ ಯಾರನ್ನೂ ಕೇಳಲಿಲ್ಲ. ಸೀದಾ ಮಗಳಿಗೆ ಫೋನು ಹಚ್ಚಿದರು. "ಮಂಜೂ, ಗಲ್ಲ್ಯಾಗ ಜೋಕಾಲಿ ಕಟ್ಲಿಕತ್ತಾರ, ಈ ಸಲ ಬಾ." ಅವಳು ಹಿಗ್ಗಿ ಹೀರೇಕಾಯಿಯಾಗಿ ಆಫೀಸಿಗೆ ರಜೆ ಹಾಕಿಬಿಟ್ಟಳು.

ಮೂರ್ನಾಲ್ಕು ದಿನ ಕಳೆದ ಮೇಲೆ ಟೆಂಪೊ ಬಂತು. ಒಳಗೆ ಫೈಬರಿನ ಮೈಸೂರು ಅರಮನೆ! ಜೊತೆಗೆ ಎರಡು ಆನೆ. ಗೋದಾತೀರ ನಾಗರಿಕ ಮಂಡಳಿ ಎನ್ನುವವರು ಒಂದು ಸ್ಪರ್ಧೆ ಇಟ್ಟಿದ್ದರು: ಪ್ರತಿ ಗಲ್ಲಿಯೂ ತನ್ನ ಪರಂಪರೆಯನ್ನು ಬೀದಿಯಲ್ಲೇ ತೋರಿಸಬೇಕು, ಪಂಚಮಿಯ ದಿನ ನೋಡಲು ಬರುತ್ತೇವೆ ಎಂದು. ನಮ್ಮ ಕನ್ನಡ ಮಂಡಳದ ಅಧ್ಯಕ್ಷ ಸದಾನಂದ, ಓಝರಿನ ವಿಮಾನ ಕಾರ್ಖಾನೆಯ ಎಂಜಿನಿಯರ್, ಮೂಲ ಬೀದರಿನವರು. ಅವರು ಎಬ್ಬಿಸಿದ್ದು ಸ್ವಾಗತ ಕಮಾನು. ಗಲ್ಲಿಯ ಅರ್ಧ ಜನ ಮೈಸೂರನ್ನು ಕ್ಯಾಲೆಂಡರಿನಲ್ಲಷ್ಟೇ ಕಂಡವರು, ಆದರೂ ಅರಮನೆ ಏರಿ ಕೂತಿತು.

"ಇದರಾಗ ಜೋಕಾಲಿ ಎಲ್ಲಿ ಕಟ್ತೀರಿ?" ಎಂದು ನಾಗಮ್ಮ ಕೇಳಿದರು.

ಸದಾನಂದ ನಕ್ಕರು. "ಇದು ನೋಡ್ಲಿಕ್ಕಿರೋ ಕಮಾನ್ರಿ, ತೂಗ್ಲಿಕ್ಕಲ್ಲ. ಯಾರರೆ ಬಿದ್ದು ಕೈಕಾಲು ಮುರ್ಕೊಂಡ್ರ ಜವಾಬ್ದಾರಿ ಯಾರ್ದು?"

ಮಾತು ತಪ್ಪೇನಲ್ಲ. ಆದರೆ ಆ ನಗೆ ಇತ್ತಲ್ಲ, ಅದಕ್ಕೆ ನನ್ನ ಮೈಯೆಲ್ಲ ಉರಿಯಿತು.

ನಾಗಮ್ಮ ನಮ್ಮ ಕಟ್ಟೆಯ ಮೇಲೆ ಬಂದು ಕೂತರು. ಗಂಡ ಸತ್ತಾಗಲೂ ನಾಲ್ಕು ಜನರೆದುರು ಅಳದ ಹೆಂಗಸು ಸೆರಗಿನಿಂದ ಮೂಗೊರೆಸಿಕೊಂಡರು.

"ಬಾ ಅಂದೀನಿ ಕಮಲಾ. ಈಗ ಏನಂತ ಹೇಳ್ಲಿ?"

"ಇದ್ದದ್ದು ಇದ್ದಂಗ ಹೇಳ್ರಿ."

"ಹೇಳಿದ್ರ ಬರಂಗಿಲ್ಲ. ಈ ಸಲ ಬರ್ಲಿಲ್ಲಂದ್ರ ಆಕಿ ಮತ್ತೆಂದೂ ಬರಂಗಿಲ್ಲ."

ನಾನು ಒಳಗೆ ಹೋಗಿ ಒಂದು ಲೋಟ ಚಹಾ ತಂದು ಅವರ ಮುಂದಿಟ್ಟೆ.

ಪಂಚಮಿಗೆ ಎರಡು ದಿನ ಮೊದಲು ನಮ್ಮಲ್ಲಿ ರೊಟ್ಟಿ ಹಬ್ಬ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಪಲ್ಯ, ಚಟ್ನಿಪುಡಿ ತಟ್ಟೆಯಲ್ಲಿಟ್ಟು ಮನೆಮನೆಗೆ ಬೀರುತ್ತೇವೆ. ಬಂದ ತಟ್ಟೆಯನ್ನು ಖಾಲಿ ಕಳಿಸುವ ಹಾಗಿಲ್ಲ. ತಮ್ಮ ಮನೆಯದೇನಾದರೂ ಹಾಕಿಯೇ ಕಳಿಸಬೇಕು. ಖಾಲಿ ತಟ್ಟೆ ಕಳಿಸಿದ ಮನೆಯೆಂದರೆ ಮುಂದಿನ ಹಬ್ಬದವರೆಗೂ ಗಲ್ಲಿಯಲ್ಲಿ ಅದೇ ಮಾತು. ನಾಗಮ್ಮ ತಟ್ಟೆ ಹಿಡಿದು ಸದಾನಂದರ ಮನೆಗೆ ಹೊರಟರು. ತಮಾಷೆ ತಪ್ಪಿಸಿಕೊಳ್ಳುವವಳೇ ನಾನು? ಹಿಂದೆಯೇ ಹೋದೆ.

ಸದಾನಂದರ ಹೆಂಡತಿ ಶರ್ವಾಣಿ ತಟ್ಟೆ ಬರಿದು ಮಾಡಿ, ತನ್ನ ರೊಟ್ಟಿ ಹಾಕಲು ಬಂದಳು. ನಾಗಮ್ಮ ತಟ್ಟೆಯ ಮೇಲೆ ಅಂಗೈ ಮುಚ್ಚಿದರು.

"ರೊಟ್ಟಿ ಬ್ಯಾಡವ್ವಾ. ನಿನ್ನ ಗಂಡಗ ಹೇಳು, ಇದರಾಗ ಜೋಕಾಲಿ ಹಾಕು ಅಂತ. ಇಲ್ಲಂದ್ರ ಖಾಲಿ ತಟ್ಟಿನೇ ಒಯ್ತೀನಿ."

ಶರ್ವಾಣಿಯ ಮುಖ ಸುಣ್ಣವಾಯಿತು. ಕಿಟಕಿಯ ಬಳಿ ಕೂತಿದ್ದ ಗಂಡನ ಕಡೆ ತಿರುಗಿದಳು. "ಏನ್ರೀ, ಬಾಯಿಗೆ ಬೀಗ ಹಾಕ್ಕೊಂಡು ಕೂತೀರಲ್ಲ! ಹಬ್ಬದಾಗ ನಮ್ಮನ್ಯಾಗಿಂದ ಖಾಲಿ ತಟ್ಟಿ ಹೋಗಬೇಕೇನು?"

ಅಷ್ಟರಲ್ಲಿ ಬಾಗಿಲಲ್ಲಿ ಶಿಂದೆ ಮಾವಶಿ. ಪಕ್ಕದ ಮನೆಯ ಮರಾಠಿ ಅಜ್ಜಿ, ಗಲ್ಲಿಗೆಲ್ಲ ಹಿರಿಯಳು. ಹಿಂದೆ ಏಳೆಂಟು ಹೆಂಗಸರು. ಅವರನ್ನು ಯಾರು ಕರೆದರು ಎಂದು ನನ್ನನ್ನು ಕೇಳಬೇಡಿ. "ಸದಾನಂದ ಭಾವೂ, ಝೋಕಾ ಪಾಹಿಜೇಚ!" ಎಂದಳು ಮಾವಶಿ. ಜೋಕಾಲಿ ಬೇಕೇ ಬೇಕು. ಪಂಚಮಿಗೆ ಜೀಕುವುದು ಅವರಲ್ಲೂ ಉಂಟಲ್ಲ.

ಸದಾನಂದ ಕಿಟಕಿಯಿಂದ ಕಮಾನಿನ ಕಡೆ ನೋಡಿದರು. "ಅರಮನಿ, ಜೋಕಾಲಿ ಎರಡೂ ತಡಿಯಂಗಿಲ್ರಿ ಆ ಪೈಪು."

"ಹಂಗಾದ್ರ ಅರಮನಿ ಇಳಸ್ರಿ," ಎಂದರು ನಾಗಮ್ಮ.

ಮನುಷ್ಯ ತಲೆಯ ಮೇಲೆ ಕೈ ಹೊತ್ತುಕೊಂಡು ಕೂತರು. ಪಾಪ, ಮೂರು ತಿಂಗಳು ಓಡಾಡಿ ತರಿಸಿದ ಅರಮನೆ. ಕೊನೆಗೆ ನಾಗಮ್ಮನ ರೊಟ್ಟಿಯ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡರು. "ನಾಳೆ ಒಂದ್ ದಿನ ಕೊಡ್ರಿ."

ಕೊಟ್ಟ ಮಾತಿಗೆ ತಪ್ಪಲಿಲ್ಲ, ಅದನ್ನು ನಾನು ಒಪ್ಪಲೇಬೇಕು. ಮರುದಿನ ರಜೆ ಹಾಕಿ ವೆಲ್ಡರನ್ನು ಕರೆತಂದರು. ಅರಮನೆ ಕೆಳಗಿಳಿಯಿತು. ದಪ್ಪ ಪೈಪು ಏರಿತು, ಕಂಬಗಳಿಗೆ ಎರಡೂ ಕಡೆ ಆಸರೆಯ ಓರೆಗಾಲುಗಳು ಕೂತವು. ಮೊದಲು ಮರಳಿನ ಚೀಲ ತೂಗಿ ನೋಡಿದರು. ಆಮೇಲೆ ತಾವೇ ಏರಿ ಕೂತರು. ಆಳು ಸಣ್ಣವರಲ್ಲ.

"ಸಾಹೇಬ್ರ, ನಿಮ್ಮನ್ನ ತಡೀತಂದ್ರ ಆ ಎರಡೂ ಆನಿನೂ ಕೂಡಸಬಹುದು!" ಎಂದೆ ನಾನು. ಕಟ್ಟೆಗಳ ಮೇಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಸದಾನಂದರೂ ನಕ್ಕರು, ಈ ಸಲ ನೋಡುವಂಥ ನಗೆ.

ಪಂಚಮಿಯ ಬೆಳಿಗ್ಗೆ ಮಂಜುಶ್ರೀ ಆಟೋದಿಂದ ಇಳಿದಳು. ಮೇಲೆ ನೋಡಿದಳು. ಬ್ಯಾಗನ್ನು ರಸ್ತೆಯ ನಡುವೆಯೇ ಬಿಟ್ಟು, ಚಪ್ಪಲಿ ಎಲ್ಲೋ, ವೇಲು ಎಲ್ಲೋ, ಹಲಗೆ ಏರಿ ನಿಂತೇಬಿಟ್ಟಳು. ಸ್ಪರ್ಧೆಯ ನಾಗರಿಕ ಮಂಡಳಿಯವರು ನೋಡಲು ಬಂದದ್ದೂ ಆಗಲೇ.

"ಇಲ್ಲಿ ಅರಮನೆ ಇದೆ ಎಂದಿದ್ದಿರಲ್ಲ?" ಎಂದು ಅವರಲ್ಲೊಬ್ಬರು ಕೇಳಿದರು.

ಸದಾನಂದ ಎದೆ ಸೆಟೆದು ಮೇಲಕ್ಕೆ ಕೈ ತೋರಿಸಿದರು. "ನಮ್ಮ ಪರಂಪರೆ ಮ್ಯಾಲ ಹೋಗ್ಯದ್ರಿ, ನಿಂದರ್ರಿ, ಈಗ ಕೆಳಗ ಬರ್ತದ!"

ಬಂದವರಲ್ಲಿದ್ದ ಹೆಂಗಸು ಕೈಯಲ್ಲಿದ್ದ ಹಾಳೆಗಳನ್ನು ನನ್ನ ಕೈಗೆ ತುರುಕಿ ತಾವೂ ಜೋಕಾಲಿಯ ಸಾಲಿನಲ್ಲಿ ನಿಂತರು. ಮೊದಲ ಬಹುಮಾನ ನಮ್ಮ ಗಲ್ಲಿಗೆ ಎಂದು ಇಳಿಹೊತ್ತಿಗೆ ಫೋನು ಬಂತು. ನಾನು ಕೂಗಿದ ಕೂಗು ಗೋದಾವರಿಯ ಆಚೆ ದಡಕ್ಕೂ ಕೇಳಿರಬೇಕು.

ಸಂಜೆಗೆ ಗಲ್ಲಿಯ ಹೆಣ್ಣುಮಕ್ಕಳೆಲ್ಲರದೂ ಒಂದೊಂದು ಸರದಿ ಮುಗಿದಿತ್ತು. ಬೆಳಿಗ್ಗೆಯಿಂದ ನಿಂತು ನೂಕುತ್ತಿದ್ದವರು ನಾಗಮ್ಮ. ಮಂಜುಶ್ರೀ ಅವರ ಕೈ ಹಿಡಿದಳು.

"ಅವ್ವಾ, ನೀ ಕೂಡು."

"ನಾ ಯಾಕ? ಜೋಕಾಲಿ ತವರಿಗೆ ಬಂದ ಹೆಣ್ಣುಮಕ್ಕಳಿಗಿ. ನನಗೆಲ್ಲೈತಿ ತವರು? ಅವ್ವ ಇಲ್ಲ, ಅಪ್ಪ ಇಲ್ಲ, ಕರಿಯಾಕ ಅಣ್ಣತಮ್ಮರಿಲ್ಲ."

ನಿಜ. ನಾಗಮ್ಮ ಈ ಗಲ್ಲಿಗೆ ಮದುವೆಯಾಗಿ ಗಂಡನ ಜೊತೆ ಬಂದವರು. ಇಲ್ಲಿ ಜೋಕಾಲಿ ಹತ್ತಿದ್ದನ್ನು ನಾನಂತೂ ಒಮ್ಮೆಯೂ ಕಂಡಿಲ್ಲ. ಶಿಂದೆ ಮಾವಶಿ ಕೋಲೂರಿಕೊಂಡು ಕಟ್ಟೆಯಿಂದ ಎದ್ದಳು. ನಾಗಮ್ಮನ ಹಣೆಗೆ ಕುಂಕುಮ ಹಚ್ಚಹೋಗಿ, ಗಂಡನಿಲ್ಲದ ಹಣೆ ಎಂದು ನಾಗಮ್ಮ ಹಿಂದೆ ಸರಿದರೂ ಬಿಡದೆ ಗದರಿಸಿ ಹಚ್ಚಿಯೇಬಿಟ್ಟಳು. "ಹೇಚ ತುಝಂ ಮಾಹೇರ. ಬಸ್ ಪೋರೀ!" ಇದೇ ನಿನ್ನ ತವರು, ಕೂಡು ಹುಡುಗಿ, ಎಂದು ಎಪ್ಪತ್ತರ ಹತ್ತಿರದ ನಾಗಮ್ಮನಿಗೆ.

ನಾಗಮ್ಮ ಕೂತರು. ಒಂದು ಕಡೆ ಮಂಜುಶ್ರೀ, ಇನ್ನೊಂದು ಕಡೆ ನಾನು. ಕಣ್ಣೀರು ಒರೆಸಿಕೊಳ್ಳಲು ಇಬ್ಬರಿಗೂ ಕೈ ಬಿಡುವಿರಲಿಲ್ಲ. ನೂಕಿದೆವು. ಹಲಗೆ ಮಾಳಿಗೆಗಳ ಮಟ್ಟಕ್ಕೇರಿದಾಗ ಮೇಲಿಂದ ನಾಗಮ್ಮನ ದನಿ ಬಂತು.

"ಕೈಯಾಗ ಕಸುವಿಲ್ಲೇನ್ರೇ? ತವರಿಗೆ ಬಂದೀನಿ, ಜೋರ್ಲೆ ನೂಕ್ರಿ!"